ನೆಲದಿಂದ ಏಳುವ ಮಗುವನ್ನು ಒಮ್ಮೆ ನೋಡಿ: ಆರೋಗ್ಯ ಸಚಿವರಿಗೆ ಒಬ್ಬ ಸೋದರಮಾವನ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ನಮಸ್ಕಾರ.

2017ರ ಬೇಸಿಗೆಯಲ್ಲಿ ಮಲೆನಾಡಿನ ನಮ್ಮ ಊರಿನಲ್ಲಿ ಒಂದು ಗೃಹಪ್ರವೇಶವಿತ್ತು. ಮೊದಲ ಪಂಕ್ತಿಯ ಊಟ ಮುಗಿದು ಎಲ್ಲರೂ ಎಲೆ ಬಿಟ್ಟು ಎದ್ದರು. ನನ್ನ ತಂಗಿಯ ಮಗ, ಐದು ವರ್ಷದವನು, ಕೊನೆಗೆ ಎದ್ದ. ಮೊದಲು ಹೊರಳಿ ಎರಡೂ ಅಂಗೈಗಳನ್ನು ನೆಲಕ್ಕೆ ಊರಿದ. ಕಾಲುಗಳನ್ನು ಅಗಲಿಸಿ ಸೊಂಟವನ್ನು ಮೇಲೆತ್ತಿದ. ಆಮೇಲೆ ಒಂದು ಕೈಯನ್ನು ಮೊಣಕಾಲಿನ ಮೇಲಿಟ್ಟ, ಇನ್ನೊಂದನ್ನೂ ಇಟ್ಟ. ಕೈಗಳನ್ನು ತೊಡೆಯ ಮೇಲೆ ಚೂರುಚೂರೇ ಮೇಲಕ್ಕೆ ಸರಿಸುತ್ತ, ತನ್ನ ಮೈಯನ್ನೇ ಏಣಿ ಮಾಡಿಕೊಂಡು ಹತ್ತಿದವನಂತೆ ನೆಟ್ಟಗಾದ. ಬಡಿಸುತ್ತಿದ್ದವರೊಬ್ಬರು ‘ಮುದುಕರ ಹಾಗೆ ಏಳುತ್ತಾನಲ್ಲ’ ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವನು. ಪ್ರಥಮ ಪಿಯುಸಿಯ ಪುಸ್ತಕದಲ್ಲಿ ಚಲನೆಯ ಅಧ್ಯಾಯದ ತುದಿಯಲ್ಲಿ ಸ್ನಾಯುಗಳು ಕ್ರಮೇಣ ಸವೆದುಹೋಗುವ ಮಸ್ಕ್ಯುಲರ್ ಡಿಸ್ಟ್ರಫಿ ಎಂಬ ಕಾಯಿಲೆಯ ಬಗ್ಗೆ ಒಂದೇ ಒಂದು ಸಾಲು ಇದೆ. ಪ್ರತಿ ವರ್ಷ ಆ ಸಾಲನ್ನು ಓದಿಸಿ, ‘ಒಂದು ಅಂಕಕ್ಕೆ ಬರಬಹುದು, ಗುರುತು ಹಾಕಿಕೊಳ್ಳಿ’ ಎಂದು ಹೇಳಿ ಮುಂದಕ್ಕೆ ಹೋದವನು. ಆ ಒಂದು ಸಾಲು ಎದುರಿಗೆ ಬಂದು, ಎಲೆಯ ಮುಂದೆ ಕುಳಿತು, ಎದ್ದು ತೋರಿಸಿದಾಗ ನನಗೆ ಗುರುತು ಸಿಗಲಿಲ್ಲ. ಹೀಗೆ ಏಳುವುದನ್ನು ಲಂಡನ್ನಿನ ವೈದ್ಯ ವಿಲಿಯಂ ಗವರ್ಸ್ 1879ರಲ್ಲೇ ಬಣ್ಣಿಸಿದ್ದ, ಅದಕ್ಕೆ ಅವನ ಹೆಸರೇ ಇದೆ ಎಂಬುದು ನನಗೆ ತಿಳಿದದ್ದು ಎರಡು ವರ್ಷಗಳ ನಂತರ.

ಆದ್ದರಿಂದ ಈ ಪತ್ರವನ್ನು ನಿಮ್ಮ ಇಲಾಖೆಯ ಮೇಲೆ ಬೆರಳು ತೋರಿಸುತ್ತ ಆರಂಭಿಸುವ ಹಕ್ಕು ನನಗಿಲ್ಲ. ಆದರೆ ಆ ಎರಡು ವರ್ಷಗಳಲ್ಲಿ ಏನಾಯಿತು ಎಂಬುದನ್ನು ಹೇಳಬೇಕು.

ಹುಡುಗ ಓಡುವಾಗ ಬೀಳುತ್ತಿದ್ದ. ಮೀನಖಂಡಗಳು ಮಾತ್ರ ದಪ್ಪಗೆ, ಗಟ್ಟಿಯಾಗಿದ್ದವು. ಅಜ್ಜಿ, ಅಂದರೆ ನನ್ನ ತಾಯಿ, ‘ಪೈಲ್ವಾನನ ಕಾಲು’ ಎಂದು ಎಣ್ಣೆ ಹಚ್ಚಿ ತಿಕ್ಕುತ್ತಿದ್ದರು. ಒಮ್ಮೆ ಜ್ವರ ಬಂದಾಗ ರಕ್ತಪರೀಕ್ಷೆ ಮಾಡಿಸಿದೆವು. ಎಸ್‌ಜಿಪಿಟಿ, ಎಸ್‌ಜಿಒಟಿ ಎರಡೂ ಮುನ್ನೂರರ ಆಸುಪಾಸು. ಕಾಮಾಲೆ ಎಂದರು. ಕಣ್ಣು ಹಳದಿಯಾಗಿರಲಿಲ್ಲ, ಬಿಲಿರುಬಿನ್ ಸರಿಯಾಗಿಯೇ ಇತ್ತು. ಆದರೂ ಯಕೃತ್ತಿಗೆ ಸಿರಪ್, ಎಣ್ಣೆ-ಜಿಡ್ಡು ಬಂದ್, ನಡುವೆ ಒಂದು ನಾಟಿ ಔಷಧ. ಹೀಗೆ 14 ತಿಂಗಳು. ಪ್ರತಿ ಸಲ ರಕ್ತ ತೆಗೆಸಿದಾಗಲೂ ಅಂಕಿ ಹಾಗೆಯೇ ಇರುತ್ತಿತ್ತು. ಯಕೃತ್ತಿನದೆಂದು ನಾವು ಓದುತ್ತಿದ್ದ ಆ ಎರಡು ಕಿಣ್ವಗಳು ಸ್ನಾಯುವಿನಲ್ಲೂ ಇರುತ್ತವೆ, ಸ್ನಾಯು ಹರಿದಾಗ ಅಲ್ಲಿಂದಲೂ ರಕ್ತಕ್ಕೆ ಸೋರುತ್ತವೆ ಎಂದು ಆ 14 ತಿಂಗಳಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕೊನೆಗೆ 2019ರಲ್ಲಿ ಜಿಲ್ಲಾ ಕೇಂದ್ರದ ಒಬ್ಬ ಯುವ ವೈದ್ಯೆ ಹುಡುಗನನ್ನು ನೆಲದ ಮೇಲೆ ಕೂರಿಸಿ, ‘ಏಳು ನೋಡೋಣ’ ಎಂದರು. ಎದ್ದ. ಅವರ ಮುಖ ಬದಲಾಯಿತು. ಸ್ನಾಯುವಿನಿಂದ ರಕ್ತಕ್ಕೆ ಸೋರುವ ಇನ್ನೊಂದು ಕಿಣ್ವವನ್ನು ಅಳೆಯುವ ಸಿಪಿಕೆ ಎಂಬ ಒಂದು ಪರೀಕ್ಷೆ ಬರೆದುಕೊಟ್ಟರು. ಕೆಲವು ನೂರು ರೂಪಾಯಿಯ ಪರೀಕ್ಷೆ. ಇನ್ನೂರರೊಳಗೆ ಇರಬೇಕಾದ ಅಂಕಿ ಹದಿನೆಂಟು ಸಾವಿರ ದಾಟಿತ್ತು.

ಡುಶೆನ್ ಮಸ್ಕ್ಯುಲರ್ ಡಿಸ್ಟ್ರಫಿ. ಹುಟ್ಟುವ ಗಂಡುಮಕ್ಕಳಲ್ಲಿ ಮೂರೂವರೆ ಸಾವಿರದಿಂದ ಐದು ಸಾವಿರಕ್ಕೊಬ್ಬರಿಗೆ ಬರುತ್ತದೆ. ಹತ್ತು-ಹನ್ನೆರಡರ ಹೊತ್ತಿಗೆ ನಡಿಗೆ ಹೋಗುತ್ತದೆ, ಆಮೇಲೆ ಕೈ, ಉಸಿರು, ಹೃದಯ.

ಇಲ್ಲಿಂದ ಮುಂದೆ ಸ್ವಲ್ಪ ಪಾಠ ಮಾಡುತ್ತೇನೆ, ಕ್ಷಮಿಸಿ. ಅಭ್ಯಾಸ ಬಿಡುವುದಿಲ್ಲ. ನಾನು ಕೇಳಹೊರಟಿರುವುದು ಎಷ್ಟು ಸಣ್ಣದು, ಅದನ್ನು ಬೇಗ ಮಾಡದಿದ್ದರೆ ಎಷ್ಟು ನಷ್ಟ ಎಂಬುದು ಈ ಪಾಠವಿಲ್ಲದೆ ತಿಳಿಯುವುದಿಲ್ಲ.

ನಮ್ಮ ಮೈಯ ಹೆಚ್ಚುಕಡಿಮೆ ಪ್ರತಿ ಕೋಶದಲ್ಲೂ ಒಂದೇ ಡಿಎನ್‌ಎ ಇದೆ. ಚರ್ಮದ ಕೋಶದಲ್ಲೂ ಸ್ನಾಯುವಿನ ವಂಶವಾಹಿಗಳಿವೆ, ಸುಮ್ಮನೆ ಮಡಚಿಟ್ಟಂತೆ ಇವೆ. ಹಾಗಾದರೆ ಗರ್ಭದಲ್ಲಿರುವ ಒಂದು ಕೋಶ ‘ನಾನು ಸ್ನಾಯುವಾಗಬೇಕು’ ಎಂದು ತೀರ್ಮಾನಿಸುವುದು ಹೇಗೆ? 1987ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಹೆರಾಲ್ಡ್ ವೈನ್‌ಟ್ರಾಬ್ ಮತ್ತು ಅವರ ಸಂಗಡಿಗರು ಇಲಿಯ ಫೈಬ್ರೋಬ್ಲಾಸ್ಟ್ ಕೋಶಗಳಲ್ಲಿ ಒಂದೇ ಒಂದು ಜೀನನ್ನು ಚಾಲೂ ಮಾಡಿದರು. ಅಂಗಾಂಶದ ಸಂದುಗಳನ್ನು ತುಂಬುವುದಷ್ಟೇ ಕಸುಬಾಗಿದ್ದ ಆ ಕೋಶಗಳು ತಮ್ಮ ಜಾತಿ ಬಿಟ್ಟು ಸ್ನಾಯುಕೋಶಗಳಾದವು. ಆ ಜೀನಿಗೆ ಮಯೋಡಿ ಎಂದು ಹೆಸರು. ಅದು ತಾನೇ ಸ್ನಾಯುವನ್ನು ಕಟ್ಟುವುದಿಲ್ಲ, ಕಟ್ಟುವ ಜೀನುಗಳನ್ನು ಎಬ್ಬಿಸುತ್ತದೆ. ಮದುವೆಮನೆಯಲ್ಲಿ ತಾನು ಒಂದು ಸೌಟೂ ಹಿಡಿಯದೆ ಅಡುಗೆಯವರನ್ನೂ ಬಡಿಸುವವರನ್ನೂ ಓಡಾಡಿಸುವ ಯಜಮಾನರು ಇರುತ್ತಾರಲ್ಲ, ಆ ಥರ.

ಆ ಮನೆಯಲ್ಲಿ ಯಜಮಾನರು ಒಬ್ಬರೇ ಅಲ್ಲ. ಮಯೋಡಿ ಇಲ್ಲದ ಇಲಿಮರಿಯೂ ಬದುಕುತ್ತದೆ, ಏಕೆಂದರೆ ಮಿಫ್5 ಎಂಬ ಅದರ ಸೋದರ ಜವಾಬ್ದಾರಿ ಹೊರುತ್ತದೆ. ಎರಡನ್ನೂ ತೆಗೆದುಬಿಟ್ಟಾಗ ಮಾತ್ರ ಮರಿಗೆ ಅಸ್ಥಿಸ್ನಾಯುವೇ ಮೂಡಲಿಲ್ಲ ಎಂದು 1993ರಲ್ಲಿ ತಿಳಿಯಿತು. ಆಮೇಲಿನ ಸರದಿ ಮಯೋಜೆನಿನ್‌ನದು. ಅದಿಲ್ಲದಿದ್ದರೆ ಸ್ನಾಯುವಿನ ಎಳೆಯ ಕೋಶಗಳು ಹುಟ್ಟುತ್ತವೆ, ಆದರೆ ಒಂದರೊಳಗೊಂದು ಬೆರೆತು ಉದ್ದನೆಯ ನಾರಾಗುವುದಿಲ್ಲ, ಬೀಜ ಮೊಳೆತು ಪೈರಾಗದ ಹಾಗೆ. ನಮ್ಮ ಬೆಂಗಳೂರಿನಲ್ಲೇ, ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿರುವ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ, ಕೆ. ವಿಜಯರಾಘವನ್ ಅವರು ಹಣ್ಣುನೊಣದ ಹಾರಾಟದ ಸ್ನಾಯುಗಳು ಹೇಗೆ ರೂಪುಗೊಳ್ಳುತ್ತವೆ ಎಂದು ದಶಕಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಈ ವಿದ್ಯೆ ನಮಗೆ ದೂರದ್ದಲ್ಲ. ಬಳ್ಳಾರಿ ರಸ್ತೆಯಿಂದ ನಮ್ಮ ತಾಲ್ಲೂಕು ಆಸ್ಪತ್ರೆಗೆ ಮಾತ್ರ ಅದು ಇನ್ನೂ ಬಸ್ ಹತ್ತಿಲ್ಲ.

ಸ್ನಾಯುವಿನ ನಾರು ಸಿದ್ಧವಾಗುವಾಗ ಎಚ್ಚರವಾಗುವ ಜೀನುಗಳಲ್ಲಿ ಡಿಸ್ಟ್ರೋಫಿನ್ ಒಂದು. ಮನುಷ್ಯನ ಅತಿ ದೊಡ್ಡ ಜೀನುಗಳಲ್ಲಿ ಒಂದು: ಡಿಎನ್‌ಎಯ 20 ಲಕ್ಷಕ್ಕೂ ಹೆಚ್ಚು ಅಕ್ಷರ. ಕೋಶವು ಅದನ್ನು ಒಂದು ಸಲ ತುದಿಯಿಂದ ತುದಿಗೆ ನಕಲು ಮಾಡಿಕೊಳ್ಳಲು ಸುಮಾರು 16 ಗಂಟೆ ಬೇಕು. ಬೆಳಗ್ಗೆ ಆರಕ್ಕೆ ಕೂತವರು ರಾತ್ರಿ ಹತ್ತಕ್ಕೆ ಮುಗಿಸಿದ ಹಾಗೆ. ಅಷ್ಟು ಬರೆದಮೇಲೆ ಶೇಕಡಾ 99ಕ್ಕೂ ಹೆಚ್ಚು ಭಾಗವನ್ನು ಕತ್ತರಿಸಿ ಎಸೆದು, ಎಕ್ಸಾನ್ ಎಂಬ 79 ತುಂಡುಗಳನ್ನು ಮಾತ್ರ ಜೋಡಿಸಿ, ಸುಮಾರು 14 ಸಾವಿರ ಅಕ್ಷರಗಳ ಸಂದೇಶ ಮಾಡಿಕೊಳ್ಳುತ್ತದೆ. ಆ ಸಂದೇಶದಿಂದ ತಯಾರಾಗುವ ಪ್ರೋಟೀನು ಸ್ನಾಯುವಿನ ಒಳಗಿನ ಹಂದರವನ್ನು ಹೊರಗಿನ ಪೊರೆಗೆ ಕಟ್ಟಿಡುತ್ತದೆ. ಸ್ನಾಯು ಸೆಳೆದು ಬಿಟ್ಟಾಗಲೆಲ್ಲ ಪೊರೆ ಹರಿಯದಂತೆ ತಡೆಯುವುದು ಈ ಕಟ್ಟೇ. ಬಾಸ್ಟನ್‌ನಲ್ಲಿ ಲೂಯಿಸ್ ಕುಂಕೆಲ್ ಅವರ ತಂಡ ಈ ಜೀನನ್ನೂ ಪ್ರೋಟೀನನ್ನೂ 1986-87ರಲ್ಲಿ ಗುರುತಿಸಿತು.

ನಮ್ಮ ಹುಡುಗನ ವಂಶವಾಹಿ ಪರೀಕ್ಷೆಯ ವರದಿಯಲ್ಲಿ 48, 49, 50ನೇ ತುಂಡುಗಳು ಇರಲಿಲ್ಲ. 79ರಲ್ಲಿ ಮೂರು. ‘ಮೂರು ತಾನೇ, 76 ಇದೆಯಲ್ಲ?’ ಎಂದು ತಂಗಿ ಕೇಳಿದಳು. ಉತ್ತರ ಹೇಳಲು ನಾನು ಅವಳ ಎದುರಿಗೇ ಒಂದು ಕಾಗದದ ಮೇಲೆ ಬರೆದೆ:

ಅವನು ಮರದ ಕೆಳಗೆ ಕುಳಿತ.

ಪ್ರತಿ ಪದಕ್ಕೂ ಮೂರೇ ಅಕ್ಷರ. ಕೋಶವೂ ಸಂದೇಶವನ್ನು ಮೂರು ಮೂರು ಅಕ್ಷರವಾಗಿಯೇ ಓದುತ್ತದೆ, ನಡುವೆ ಜಾಗ ಬಿಟ್ಟಿರುವುದಿಲ್ಲ. ಈಗ ‘ಮರದ’ ಎಂಬ ಇಡೀ ಪದವನ್ನು ತೆಗೆಯಿರಿ. ‘ಅವನು ಕೆಳಗೆ ಕುಳಿತ.’ ಮರ ಹೋಯಿತು, ವಾಕ್ಯ ಉಳಿಯಿತು. ಅದರ ಬದಲು ‘ಅವನು’ ಎಂಬುದರ ಕೊನೆಯ ‘ನು’ ಒಂದನ್ನೇ ತೆಗೆದು, ಮೂರು ಮೂರಾಗಿ ಓದಿ: ‘ಅವಮ ರದಕೆ ಳಗೆಕು ಳಿತ.’ ಕಳೆದದ್ದು ಕಡಿಮೆ, ಕೆಟ್ಟದ್ದು ಪೂರ್ತಿ. ಕೋಶ ಇಂಥ ಸಂದೇಶವನ್ನು ಅರ್ಧಕ್ಕೇ ನಿಲ್ಲಿಸಿ ಬಿಸಾಡುತ್ತದೆ, ಪ್ರೋಟೀನು ತಯಾರಾಗುವುದೇ ಇಲ್ಲ. ಮೊದಲನೆಯ ಬಗೆಯ ತಪ್ಪಾದರೆ ಮೊಟಕಾದ ಪ್ರೋಟೀನಾದರೂ ಸಿಗುತ್ತದೆ. ಅದು ಬೆಕರ್ ಎಂಬ ಸೌಮ್ಯ ರೂಪ, ಆ ಕಾಯಿಲೆಯವರು ಎಷ್ಟೋ ಮಂದಿ ನಡುವಯಸ್ಸಿನಲ್ಲೂ ನಡೆಯುತ್ತಾರೆ. ನಮ್ಮ ಹುಡುಗನಿಗೆ 48ರಿಂದ 50ರ ಜೊತೆಗೆ 51ನೆಯ ತುಂಡೂ ಹೋಗಿದ್ದರೆ ಲೆಕ್ಕ ಮತ್ತೆ ಮೂರಕ್ಕೆ ಸರಿಹೊಂದುತ್ತಿತ್ತು. ಇನ್ನಷ್ಟು ಕಳೆದುಕೊಂಡಿದ್ದರೆ ಅವನು ಬಹುಶಃ ಇವತ್ತೂ ನಡೆಯುತ್ತಿದ್ದ. ಇದನ್ನು ಹೇಳಿದಾಗ ತಂಗಿ ಕಾಗದವನ್ನು ಮಡಚಿ ಬ್ಲೌಸಿನೊಳಗೆ ಇಟ್ಟುಕೊಂಡಳು. ಈಗಲೂ ಅದು ಅವಳ ಬೀರುವಿನಲ್ಲಿದೆ.

ಈ ಲೆಕ್ಕವನ್ನೇ ಹಿಡಿದು, 51ನೆಯ ತುಂಡನ್ನು ಬೇಕೆಂದೇ ಹಾರಿಸಿ ಓದಿಸುವ ಎಟೆಪ್ಲಿರ್ಸೆನ್ ಎಂಬ ಔಷಧಕ್ಕೆ ಅಮೆರಿಕ 2016ರಲ್ಲಿ ಅನುಮತಿ ಕೊಟ್ಟಿತು. ಕೇಳಲು ಅದ್ಭುತ. ಆದರೆ ಅದರಿಂದ ಸ್ನಾಯುವಿನಲ್ಲಿ ಕಂಡ ಡಿಸ್ಟ್ರೋಫಿನ್ ಸರಾಸರಿ ಮಾಮೂಲಿನ ಶೇಕಡಾ 1ಕ್ಕಿಂತ ಕಡಿಮೆ. ಅದೂ ಕಾಯಿಲೆಯವರಲ್ಲಿ ಶೇಕಡಾ 13ರಷ್ಟು ಮಂದಿಗೆ ಮಾತ್ರ ಹೊಂದುವಂಥದ್ದು. 2023ರಲ್ಲಿ ಎಲೆವಿಡಿಸ್ ಎಂಬ ಜೀನ್ ಚಿಕಿತ್ಸೆ ಬಂತು: ಜೀನನ್ನು ಹೊತ್ತೊಯ್ಯುವ ವೈರಸ್ಸಿನೊಳಗೆ ಅಷ್ಟು ದೊಡ್ಡ ಸಂದೇಶ ಹಿಡಿಸುವುದಿಲ್ಲವೆಂದು ಡಿಸ್ಟ್ರೋಫಿನನ್ನು ಕತ್ತರಿಸಿ ಪುಟ್ಟದಾಗಿಸಿ ಒಳಗೆ ಕಳಿಸುತ್ತಾರೆ. ಬೆಲೆ 32 ಲಕ್ಷ ಡಾಲರ್. 2025ರಲ್ಲಿ ಅದನ್ನು ಪಡೆದಿದ್ದ, ಆಗಲೇ ನಡಿಗೆ ಕಳೆದುಕೊಂಡಿದ್ದ ಇಬ್ಬರು ಹುಡುಗರು ಯಕೃತ್ತು ಕೈಕೊಟ್ಟು ತೀರಿಕೊಂಡರು. ಮಾನ್ಯರೇ, ಅಂಥ ಇಂಜೆಕ್ಷನ್ ಕೊಡಿಸಿ ಎಂದು ಕೇಳಲು ನಾನು ಬರೆಯುತ್ತಿಲ್ಲ. ಅಪರೂಪದ ಕಾಯಿಲೆಗಳ 2021ರ ರಾಷ್ಟ್ರೀಯ ನೀತಿಯಲ್ಲಿ ರೋಗಿಗೆ 50 ಲಕ್ಷದವರೆಗಿನ ನೆರವಿನ ಮಾತಿದೆ, ಡುಶೆನ್ ಆ ಪಟ್ಟಿಯಲ್ಲೂ ಇದೆ. ಅದರ ಸುತ್ತ ನಡೆಯುವ ಹಗ್ಗಜಗ್ಗಾಟಕ್ಕೆ ಬೇರೆ ಪತ್ರ ಬೇಕು.

ನಾನು ಕೇಳುವುದು ವರ್ಷಗಳನ್ನು. ಅದಕ್ಕೆ ಪಾಠದ ಇನ್ನೊಂದು ತುಂಡು ಬೇಕು.

1961ರಲ್ಲಿ ಅಲೆಕ್ಸಾಂಡರ್ ಮೌರೋ ಎಂಬಾತ ಕಪ್ಪೆಯ ಸ್ನಾಯುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತ, ನಾರಿನ ಪಕ್ಕಕ್ಕೇ ಅಂಟಿಕೊಂಡು ಮಲಗಿದ ಪುಟ್ಟ ಕೋಶಗಳನ್ನು ಕಂಡ. ಸ್ಯಾಟಲೈಟ್ ಕೋಶಗಳು ಎಂದು ಕರೆದ. ಇವು ಸ್ನಾಯುವಿನ ಆಪದ್ಧನ. ಪ್ಯಾಕ್ಸ್7 ಎಂಬ ಜೀನ್ ಇವುಗಳನ್ನು ಕಾಯುತ್ತದೆ. ಮಾಮೂಲಿ ದಿನಗಳಲ್ಲಿ ಅವು ನಿದ್ರಿಸುತ್ತವೆ, ಸ್ನಾಯು ಹರಿದಾಗ ಏಳುತ್ತವೆ. ಆಗ ಮತ್ತೆ ಮಯೋಡಿ, ಮತ್ತೆ ಮಯೋಜೆನಿನ್, ಗರ್ಭದಲ್ಲಿ ನಡೆದ ಕೆಲಸವೇ ಮತ್ತೊಮ್ಮೆ. ಹೊಸ ನಾರು ಕಟ್ಟಿ, ಕೆಲವು ಕೋಶಗಳು ಮರಳಿ ನಿದ್ರೆಗೆ ಜಾರುತ್ತವೆ. ಈ ನಿದ್ರೆಯೂ ಸುಮ್ಮನೆ ಬರುವುದಲ್ಲ, ಕೋಶ ಹಿಡಿತದಲ್ಲಿಟ್ಟುಕೊಳ್ಳುವ ಸ್ಥಿತಿ. ನಮ್ಮ ದೇಶದಲ್ಲಿ ಜ್ಯೋತ್ಸ್ನಾ ಧವನ್ ಅವರು ಹೈದರಾಬಾದ್, ಬೆಂಗಳೂರುಗಳಲ್ಲಿ ಅಭ್ಯಾಸ ಮಾಡಿದ್ದು ಇದನ್ನೇ.

ಡಿಸ್ಟ್ರೋಫಿನ್ ಇಲ್ಲದ ಸ್ನಾಯು ಮೆಟ್ಟಿಲು ಹತ್ತಿದರೂ ಹರಿಯುತ್ತದೆ, ಇಳಿದರಂತೂ ಇನ್ನೂ. ಹರಿದಾಗಲೆಲ್ಲ ಆಪದ್ಧನಕ್ಕೆ ಕೈ ಹಾಕಬೇಕು. ಮೊದಮೊದಲು ದುರಸ್ತಿ ನಡೆಯುತ್ತದೆ. ಮೂರು-ನಾಲ್ಕು ವರ್ಷದ ಮಗು ಬಿದ್ದರೂ ಎದ್ದು ಓಡುತ್ತದೆ, ಯಾರಿಗೂ ಸಂಶಯ ಬರುವುದಿಲ್ಲ. ವರ್ಷಗಳು ಕಳೆದಂತೆ ದುರಸ್ತಿ ಸೋಲುತ್ತದೆ, ಸ್ನಾಯು ಇದ್ದ ಜಾಗವನ್ನು ಕೊಬ್ಬೂ ನಾರುಗಟ್ಟಿದ ಗಾಯದ ಕಲೆಯೂ ತುಂಬುತ್ತವೆ. ಅಜ್ಜಿ ತಿಕ್ಕಿದ ಪೈಲ್ವಾನನ ಕಾಲಿನಲ್ಲಿ ಇದ್ದದ್ದು ಬಹುಪಾಲು ಅದೇ. ಒಮ್ಮೆ ಕೊಬ್ಬಾದದ್ದು ಮರಳಿ ಸ್ನಾಯುವಾಗುವುದಿಲ್ಲ, ಯಾವ ದೇಶದ ಯಾವ ಬೆಲೆಯ ಔಷಧದಿಂದಲೂ.

ಇಷ್ಟು ಹೇಳಿದರೆ 14 ತಿಂಗಳ ಯಕೃತ್ತಿನ ಸಿರಪ್ ಏನು ನುಂಗಿತು ಎಂಬುದು ನಿಮಗೆ ತಿಳಿದಿರಬೇಕು. ಡೆಫ್ಲಜಕಾರ್ಟ್, ಪ್ರೆಡ್ನಿಸೊಲೋನ್ ಇವು ನಮ್ಮ ಮೆಡಿಕಲ್ ಶಾಪುಗಳಲ್ಲಿ ಸಿಗುವ ಮಾತ್ರೆಗಳು. ಕಾಯಿಲೆಯನ್ನು ವಾಸಿ ಮಾಡುವುದಿಲ್ಲ. ಆದರೆ ನಡಿಗೆ ಇರುವಾಗಲೇ ಆರಂಭಿಸಿದರೆ ನಡೆಯುವ ಕಾಲವನ್ನು ಕೆಲವು ವರ್ಷ ಮುಂದಕ್ಕೆ ಎಳೆಯುತ್ತವೆ, ಬೆನ್ನು ಬಾಗುವುದನ್ನು ತಡೆಯುತ್ತವೆ. ಇವೂ ಕೋಶದೊಳಗೆ ಹೋಗಿ ಮಾಡುವುದು ಜೀನುಗಳ ಸದ್ದನ್ನು ಏರಿಸಿ ಇಳಿಸುವ ಕೆಲಸವನ್ನೇ. 2024ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಗಿವಿನೋಸ್ಟ್ಯಾಟ್ ಇನ್ನೂ ನೇರ: ಹಿಸ್ಟೋನ್ ಎಂಬ ಉಂಡೆಗಳಿಗೆ ಬಿಗಿಯಾಗಿ ಸುತ್ತಿಕೊಂಡ ಡಿಎನ್‌ಎಯನ್ನು ಸಡಿಲಿಸಿ, ದುರಸ್ತಿಯ ಜೀನುಗಳಿಗೆ ಉಸಿರಾಡಲು ಬಿಡುತ್ತದೆ. ಯಾವುದೇ ಆಗಲಿ, ಸ್ನಾಯು ಉಳಿದಿರುವಾಗ ಮಾತ್ರ ಉಪಯೋಗ.

ನಮ್ಮ ಹುಡುಗ 2023ರ ಆಗಸ್ಟ್‌ನಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಶಾಲೆಯ ಧ್ವಜಾರೋಹಣಕ್ಕೆ ನಡೆದುಹೋಗಿದ್ದ. ಗಣೇಶನ ಹಬ್ಬಕ್ಕೆ ನಡೆಯಲಿಲ್ಲ.

ಇನ್ನು ಕೇಳಬೇಕಾದದ್ದಕ್ಕೆ ಬರುತ್ತೇನೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಸರ್ಕಾರಿ ಶಾಲೆಗೆ ಬರಬೇಕೆಂಬುದು 2013ರಿಂದ ಇರುವ ವ್ಯವಸ್ಥೆ. ಬರುತ್ತವೆ. ನಮ್ಮ ಊರಿಗೂ ಬಂದಿದ್ದವು. ಹಲ್ಲು ನೋಡಿದರು, ಕಣ್ಣು ನೋಡಿದರು, ತೂಕ ಹಿಡಿದರು. ಮಕ್ಕಳು ಬೆಂಚಿನ ಮೇಲೆ ಕುಳಿತೇ ಇದ್ದರು. ನೆಲದ ಮೇಲೆ ಕೂರಿಸಿ ‘ಕೈ ಊರದೆ ಏಳು’ ಎಂದು ಒಬ್ಬೊಬ್ಬರಿಗೂ ಹೇಳಲು ಎಷ್ಟು ಹೊತ್ತು ಬೇಕು? ಚಾಪೆಯೂ ಬೇಡ. ಅಂಗನವಾಡಿಯಲ್ಲಿ ಮಕ್ಕಳು ನೆಲದ ಮೇಲೆಯೇ ಕೂರುತ್ತಾರೆ. ಆ ತಂಡದ ಪಟ್ಟಿಯಲ್ಲಿ ಚಲನೆಯ ಬೆಳವಣಿಗೆ ಕುಂಠಿತವಾಗುವುದು ಆಗಲೇ ಇದೆ. ಅದರ ಪಕ್ಕದಲ್ಲಿ ಈ ಒಂದು ವಾಕ್ಯವನ್ನು ಬರೆಸಿ, ಏಳುವುದಕ್ಕೆ ತಿಣುಕುವ ಗಂಡುಮಗುವಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಉಚಿತ ಸಿಪಿಕೆ ಎಂದು ಸುತ್ತೋಲೆ ಹೊರಡಿಸಿ. ಹಾಗೆಯೇ, ಎಸ್‌ಜಿಪಿಟಿ ಏರಿದೆ, ಆದರೆ ಕಾಮಾಲೆ ಇಲ್ಲ, ಜಿಜಿಟಿ ಎಂಬ ಇನ್ನೊಂದು ಕಿಣ್ವ ಸರಿಯಾಗಿದೆ ಎಂದಾದರೆ, ಯಕೃತ್ತಿಗೆ ಔಷಧ ಬರೆಯುವ ಮುನ್ನ ಸ್ನಾಯುವನ್ನು ನೋಡಬೇಕು ಎಂಬ ಸೂಚನೆ ಪ್ರತಿ ಮಕ್ಕಳ ವೈದ್ಯರ ಮೇಜಿನ ಗಾಜಿನಡಿ ಇರಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಶಂಕುಸ್ಥಾಪನೆಯ ಕಲ್ಲೂ ಬೇಡ. ಬೇಡ ಎನ್ನುವುದೇ ಇದರ ದೌರ್ಬಲ್ಯವೇನೋ.

ವಂಶವಾಹಿ ಪರೀಕ್ಷೆಯ ವಿಷಯದಲ್ಲಿ ಇನ್ನೊಂದು ಎಡವಟ್ಟು ನಡೆಯುತ್ತದೆ. ಡುಶೆನ್‌ನಲ್ಲಿ ಬಹುಪಾಲು ದೋಷ ತುಂಡುಗಳು ಕಳೆದುಹೋಗುವುದು ಅಥವಾ ಎರಡಾಗುವುದು. ಅದಕ್ಕೆ ಎಂಎಲ್‌ಪಿಎ ಎಂಬ ಪರೀಕ್ಷೆ ಮೊದಲು ಆಗಬೇಕು. ಆಮೇಲೆ ಅಕ್ಷರಗಳನ್ನು ಓದಿಸುವ ದುಬಾರಿ ಪರೀಕ್ಷೆ. ಇನ್ನು ಕೆಲವು ಸ್ನಾಯುರೋಗಗಳಲ್ಲಿ ಅಕ್ಷರ ತಪ್ಪಿರುವುದೇ ಇಲ್ಲ, ಜೀನಿನ ಬೀಗ ತಪ್ಪಿರುತ್ತದೆ. ಮುಖ, ಭುಜ, ತೋಳುಗಳ ಸ್ನಾಯು ಕರಗುವ ಎಫ್‌ಎಸ್‌ಎಚ್‌ಡಿ ಹಾಗಿನದು. ನಾಲ್ಕನೆಯ ವರ್ಣತಂತುವಿನ ತುದಿಯಲ್ಲಿ ಡಿ4ಝಡ್4 ಎಂಬ ಒಂದೇ ಬಗೆಯ ಡಿಎನ್‌ಎ ತುಣುಕು ಸಾಲಾಗಿ ಜೋಡಿಸಿಕೊಂಡಿದೆ, ಆರೋಗ್ಯವಂತರಲ್ಲಿ 11ರಿಂದ ನೂರರವರೆಗೆ. ಸಾಲು ಹತ್ತು ಅಥವಾ ಅದಕ್ಕೂ ಕಡಿಮೆಯಾದರೆ ಅಲ್ಲಿನ ಬಿಗಿ ಸಡಿಲವಾಗಿ, ಭ್ರೂಣದ ಮೊದಲ ದಿನಗಳಲ್ಲಿ ಎಚ್ಚರವಾಗಿ ಆಮೇಲೆ ಮಲಗಬೇಕಾದ ಡಕ್ಸ್4 ಎಂಬ ಜೀನ್ ಬೆಳೆದವರ ಸ್ನಾಯುವಿನಲ್ಲಿ ಎದ್ದು ಕೂರುತ್ತದೆ, ಕೋಶವನ್ನು ಕೊಲ್ಲುತ್ತದೆ. 2010ರ ಹೊತ್ತಿಗೆ ಇದರ ಗಂಟು ಬಿಡಿಸಿದರು: ಸಾಲು ಮೊಟಕಾದರೆ ಸಾಲದು, ಅದರ ಬಾಲದಲ್ಲಿ ಸಂದೇಶವನ್ನು ಉಳಿಸಿಕೊಡುವ ಒಂದು ಗುರುತೂ ಇರಬೇಕು, ಎರಡೂ ಕೂಡಿದಾಗ ಮಾತ್ರ ಕಾಯಿಲೆ. ಮಯೋಟೋನಿಕ್ ಡಿಸ್ಟ್ರಫಿಯಲ್ಲಿ ಮೂರಕ್ಷರದ ತುಣುಕು ನೂರಾರು ಸಲ ಮರುಕಳಿಸಿ, ಆ ಉದ್ದದ ಸಂದೇಶವೇ ಬೇರೆ ಸಂದೇಶಗಳನ್ನು ತಿದ್ದುವ ಪ್ರೋಟೀನುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಈ ಎರಡನ್ನೂ, ಎಕ್ಸಾನ್ ತುಂಡುಗಳ ಅಕ್ಷರಗಳನ್ನು ಓದುವ ಮಾಮೂಲಿ ಎಕ್ಸೋಮ್ ಪರೀಕ್ಷೆ ಹಿಡಿಯುವುದಿಲ್ಲ. ಸಾವಿರಾರು ರೂಪಾಯಿ ಕೊಟ್ಟು ‘ದೋಷ ಕಂಡುಬಂದಿಲ್ಲ’ ಎಂಬ ವರದಿ ಹಿಡಿದುಕೊಂಡು ಬಂದವರು ಕಾಯಿಲೆ ಇಲ್ಲವೆಂದೇ ತಿಳಿಯುತ್ತಾರೆ. ಯಾವ ಲಕ್ಷಣಕ್ಕೆ ಯಾವ ಪರೀಕ್ಷೆ ಎಂದು ಹೇಳುವವರು ಜಿಲ್ಲೆಗೊಬ್ಬರಾದರೂ ಬೇಕು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಇದೆ. ಆದರೆ ರಾತ್ರಿ ಬಸ್ಸಿನಲ್ಲಿ ಕಾಲು ಮಡಚಲಾಗದ ಹುಡುಗನನ್ನು ಕರೆದುಕೊಂಡು ಹೊರಡುವ ಮುನ್ನ, ಹೊರಡಬೇಕೇ ಎಂಬುದಾದರೂ ಜಿಲ್ಲೆಯಲ್ಲೇ ತಿಳಿಯಬೇಕಲ್ಲವೇ?

ವರದಿಗಳು ಇಂಗ್ಲಿಷಿನಲ್ಲಿ ಬರುತ್ತವೆ. ಓದಿ ಹೇಳುವವರಿಲ್ಲದ ಕಡೆ ಊರೇ ಓದಿ ಹೇಳುತ್ತದೆ. ‘ರಕ್ತಸಂಬಂಧದಲ್ಲಿ ಮದುವೆ ಮಾಡಿದ್ದೇ ತಪ್ಪು’ ಎಂದರು. ತಂಗಿಯ ಮದುವೆ ಹೊರಸಂಬಂಧ, ಗೋತ್ರವೂ ಬೇರೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಡುವ ನಮ್ಮ ಪದ್ಧತಿಯಿಂದ ಹೆಚ್ಚುವ ಸ್ನಾಯುರೋಗಗಳು ನಿಜಕ್ಕೂ ಇವೆ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಾಗ ತಲೆದೋರುವ ಹಲವು ಲಿಂಬ್ ಗರ್ಡಲ್ ಡಿಸ್ಟ್ರಫಿಗಳು ಆ ಜಾತಿಯವು. ಆದರೆ ಡುಶೆನ್ ಎಕ್ಸ್ ವರ್ಣತಂತುವಿನದು, ಅದಕ್ಕೂ ಒಳಸಂಬಂಧಕ್ಕೂ ನಂಟಿಲ್ಲ. ಸುಮಾರು ಮೂರನೇ ಒಂದು ಪಾಲು ಮಕ್ಕಳಲ್ಲಿ ಅದು ತಾಯಿಯಲ್ಲೂ ಇಲ್ಲದೆ ಹೊಸದಾಗಿ ಹುಟ್ಟಿಕೊಳ್ಳುತ್ತದೆ. ನಮ್ಮ ಜಿಲ್ಲೆ ಕಡೆಯವರಿಗೆ ಮನೆತನಕ್ಕೆ ಅಂಟುವ ಕಾಯಿಲೆಯೆಂದರೆ ಏನೆಂದು ಹೇಳಿಕೊಡಬೇಕಿಲ್ಲ. ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರು ಹೊತ್ತ ಮೂಳೆ-ಕೀಲಿನ ಕಾಯಿಲೆ 1970ರ ದಶಕದಿಂದ ಸುದ್ದಿಯಲ್ಲಿದೆ. ಕಾಯಿಲೆ ಬೇರೆ, ಊರಿನವರ ನಾಲಿಗೆ ಒಂದೇ.

ಆ ನಾಲಿಗೆಗೆ ಹೆದರಿಯೇ ತಂಗಿಯ ಮನೆಯವರು ಅಡಿಕೆ ಮಾರಿದ ದುಡ್ಡನ್ನು ದೂರದ ನಗರದ ಒಂದು ಸ್ಟೆಮ್ ಸೆಲ್ ಕೇಂದ್ರಕ್ಕೆ ಸುರಿದು ಬಂದರು. ಮೂರು ಸಲ ಬೆನ್ನುಹುರಿಗೆ ಚುಚ್ಚಿಸಿಕೊಂಡ ಹುಡುಗ ನಾಲ್ಕನೆಯ ಸಲ ಕಾರು ಹತ್ತಲಿಲ್ಲ, ಸೀಟಿನ ಬೆಲ್ಟನ್ನು ಹಿಡಿದು ಅತ್ತ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಇಂಥದ್ದಕ್ಕೆ ಹಣ ಪಡೆಯುವುದನ್ನು ಒಪ್ಪುವುದಿಲ್ಲ. ಮಾರ್ಗಸೂಚಿ ದೆಹಲಿಯಲ್ಲಿದೆ, ಜಾಹೀರಾತು ನಮ್ಮ ಮೊಬೈಲಿನಲ್ಲಿದೆ.

ತಂಗಿಯ ಪರೀಕ್ಷೆಯಲ್ಲಿ ಆಕೆ ವಾಹಕಿ, ಅಂದರೆ ಕೆಟ್ಟ ಜೀನನ್ನು ಹೊತ್ತು ಮಕ್ಕಳಿಗೆ ದಾಟಿಸಬಲ್ಲವಳು, ಎಂದು ಬಂತು. ಆಮೇಲೆ ಅಮ್ಮನೂ. ಅಂದರೆ ಅಮ್ಮನ ಎರಡು ಎಕ್ಸ್‌ಗಳಲ್ಲಿ ಒಂದು ನನಗೆ ಬಂದಿದೆ, ಒಳ್ಳೆಯದು. ಕೆಟ್ಟದ್ದೂ ಬರಬಹುದಿತ್ತು, ಸರಿಸಮ ಅವಕಾಶ. ನಾಣ್ಯ ನನ್ನ ಕಡೆ ಬಿತ್ತು. ಗಂಡುಮಗುವಿಗೆ ಎಕ್ಸ್ ಒಂದೇ, ಅದು ಕೆಟ್ಟರೆ ಬದಲಿಯಿಲ್ಲ. ಹೆಣ್ಣಿಗೆ ಎರಡು. ಆದರೆ ಪ್ರತಿ ಕೋಶವೂ ಎರಡರಲ್ಲಿ ಒಂದನ್ನು ಮುಚ್ಚಿಬಿಡುತ್ತದೆ ಎಂದು 1961ರಲ್ಲಿ ಮೇರಿ ಲಯನ್ ಹೇಳಿದರು. ಮೂರು ಬಣ್ಣದ ಬೆಕ್ಕಿನ ಮೈಮೇಲಿನ ಕರಿ, ಕೆಂಚು ಪಟ್ಟೆಗಳು ಹುಟ್ಟುವುದು ಹೀಗೆಯೇ. ಕೆಲವು ವಾಹಕಿಯರಲ್ಲಿ ಒಳ್ಳೆಯ ಎಕ್ಸ್ ಹೆಚ್ಚು ಕೋಶಗಳಲ್ಲಿ ಮುಚ್ಚಿಹೋಗಿ ಅವರಿಗೂ ಸುಸ್ತು, ಕಾಲುನೋವು ಬರುತ್ತದೆ, ಹೃದಯ ದುರ್ಬಲವಾಗುತ್ತದೆ. ವಾಹಕಿಯರಿಗೆ ಆಗಾಗ ಹೃದಯದ ಸ್ಕ್ಯಾನ್ ಆದ ಎಕೋ ಮಾಡಿಸಬೇಕು. ತಂಗಿಗೆ ಇದನ್ನು ಹೇಳಿದ್ದು ನಾನು, ಪುಸ್ತಕ ನೋಡಿ. ಮಗನನ್ನು ಎತ್ತಿ ಇಳಿಸಿ ಬರುವ ಸುಸ್ತೆಂದು ಅವಳು ತಿಳಿದಿದ್ದಳು.

ಇನ್ನೊಂದು ವಿಷಯ ಹೇಳದೆ ಇರಲಾರೆ. ಹುಡುಗ ಯಕೃತ್ತಿನ ಸಿರಪ್ ಕುಡಿಯುತ್ತಿದ್ದ ಆ 14 ತಿಂಗಳಲ್ಲೇ ತಂಗಿ ಎರಡನೆಯ ಸಲ ಗರ್ಭಿಣಿಯಾದಳು. ಮೊದಲೇ ಗೊತ್ತಿದ್ದರೆ ಗರ್ಭದಲ್ಲೇ ಪರೀಕ್ಷೆ ಸಾಧ್ಯವಿತ್ತು. ಏನು ಮಾಡುತ್ತಿದ್ದೆವು ಎಂಬುದು ಬೇರೆ ಮಾತು, ತೀರ್ಮಾನ ಅವಳದಾಗಿರುತ್ತಿತ್ತು. ಹುಟ್ಟಿದ್ದು ಹೆಣ್ಣು. ಮನೆಯವರೆಲ್ಲ ದೇವರು ದೊಡ್ಡವನು ಎಂದರು. ಗಂಡಾಗಿದ್ದರೆ ಮತ್ತೆ ಅದೇ ಸರಿಸಮ ನಾಣ್ಯ.

ಆ ಮಗುವಿಗೆ ಈಗ ಏಳು ವರ್ಷ. ಅಣ್ಣನ ಗಾಲಿಕುರ್ಚಿಯನ್ನು ಅಂಗಳದ ತನಕ ತಳ್ಳುತ್ತಾಳೆ, ಹೊಸಿಲ ಹತ್ತಿರ ನನ್ನನ್ನು ಕೂಗುತ್ತಾಳೆ. ಅವಳೂ ವಾಹಕಿಯೇ ಎಂದು ಈಗಲೇ ಪರೀಕ್ಷಿಸಬಾರದು, ದೊಡ್ಡವಳಾದ ಮೇಲೆ ತಿಳಿಯಬೇಕೋ ಬೇಡವೋ ಎಂದು ಅವಳೇ ನಿರ್ಧರಿಸಬೇಕು ಎಂಬುದು ವೈದ್ಯರ ನಿಯಮ, ನನಗೂ ಅದೇ ಸರಿ ಎನಿಸುತ್ತದೆ. ಇನ್ನು ಹನ್ನೊಂದು ವರ್ಷ ಇದೆ. ಆಗ ಅವಳು ನನ್ನ ಹತ್ತಿರ ಬಂದು, ‘ಮಾವ, ಇದನ್ನು ಕನ್ನಡದಲ್ಲಿ ಕೂರಿಸಿಕೊಂಡು ಹೇಳುವವರು ನಮ್ಮ ಜಿಲ್ಲೆಯಲ್ಲಿ ಯಾರಿದ್ದಾರೆ?’ ಎಂದು ಕೇಳಿದರೆ ಯಾವ ಆಸ್ಪತ್ರೆಯ ಎಷ್ಟನೇ ಕೋಣೆಗೆ ಕಳಿಸಲಿ? ಆ ಕೋಣೆಯ ಸಂಖ್ಯೆ ಗೊತ್ತಾದ ದಿನ ತಿಳಿಸಿ.

ಇಂತಿ,
ಮಲೆನಾಡಿನ ಒಬ್ಬ ಜೀವಶಾಸ್ತ್ರ ಉಪನ್ಯಾಸಕ